ನಾಲ್ಕನೇ ಮಹಡಿಗೆ ನೀರು

ಅಕ್ಟೋಬರ್ 12, ಗುರುವಾರ, ಸಂಜೆ

ನಾಳೆಯಿಂದ ನಾಲ್ಕು ದಿನ ರಜೆ. ಆಸ್ಪತ್ರೆಯಲ್ಲಿ ಬೆಳಿಗ್ಗೆಯಿಂದ ಎಲ್ಲರ ಬಾಯಲ್ಲೂ ಅದೇ ಮಾತು. ಯಾರು ಎಲ್ಲಿಗೆ, ಯಾವ ರೈಲು, ಮಕ್ಕಳಿಗೆ ಸ್ವೆಟರ್ ಬೇಕೋ ಬೇಡವೋ. ನಾನು ಮಾತ್ರ ನಾಲ್ಕೂ ದಿನ ನನಗೇ ಡ್ಯೂಟಿ ಹಾಕಿಕೊಡಿ ಎಂದು ಮೇಲ್ವಿಚಾರಕಿಯ ಹಿಂದೆ ಮುಂದೆ ಸುತ್ತಿದೆ. ಆಕೆ ರಿಜಿಸ್ಟರಿನಿಂದ ತಲೆ ಎತ್ತದೆ, "ಎಂಟು ತಿಂಗಳಾಯ್ತು, ಒಂದು ದಿನ ರಜೆ ಹಾಕಿಲ್ಲ ನೀವು. ಇಸಿಜಿ ಮೆಷಿನ್‌ಗಾದ್ರೂ ಸರ್ವೀಸು ಅಂತ ಒಂದು ದಿನ ಬಿಡ್ತೀವಿ. ಮನೆಗೆ ಹೋಗಿ, ಮಲ್ಕೊಳ್ಳಿ" ಎಂದರು.

ಮಲಗಬೇಕಂತೆ. ನಾಲ್ಕು ದಿನ.

ಸಂಜೆ ಬಂದರೆ ಲಿಫ್ಟಿನ ಬಾಗಿಲಿಗೆ ಚೀಟಿ: ಕೆಟ್ಟಿದೆ, ರಜೆ ಮುಗಿದ ಮೇಲೆ ಮೆಕ್ಯಾನಿಕ್ ಬರುತ್ತಾರೆ. ಯಾವಾಗ ಕೈಕೊಡಬೇಕೆಂದು ಲಿಫ್ಟಿಗೂ ಗೊತ್ತು. ಎರಡು ಚೀಲ, ನಾಲ್ಕು ಮಹಡಿ. ಮೂರನೆಯದರ ತಿರುವಿನಲ್ಲಿ ಒಂದು ಚೀಲದ ಹಿಡಿ ಕಿತ್ತುಬಂದು ಹನ್ನೆರಡು ಮೊಟ್ಟೆಗಳಲ್ಲಿ ಒಂಬತ್ತು ಕೆಳಮನೆಯ ಮೇಡಂ ಅವರ ಕಾಲೊರಸಿನ ಮೇಲೆ ಒಡೆದವು. ಮೇಡಂ ನಿವೃತ್ತ ಗಣಿತದ ಟೀಚರ್. ಬಾಗಿಲು ತೆರೆದು ಮೊದಲು ಮೊಟ್ಟೆ ಎಣಿಸಿದರು, ಆಮೇಲೆ ನನ್ನ ಮುಖ ನೋಡಿದರು. "ಇದನ್ನ ನೀವು ಒಗೀತೀರೋ, ನಾನೇ ಒಗೀಬೇಕೋ?"

ಕಾಲೊರಸು ಈಗ ನಮ್ಮ ಬಚ್ಚಲಲ್ಲಿ ನೆನೆಯುತ್ತಿದೆ.

ಮಗಳು ಫೋನ್ ಮಾಡಿದ್ದಳು. ಈ ರಜೆಗೂ ಬರುವುದಿಲ್ಲವಂತೆ, ಕೆಲಸ ಜಾಸ್ತಿಯಂತೆ. "ಆಗಲಿ ಬಿಡು" ಎಂದೆ. ಅವಳ ಅಪ್ಪ ಹೋದಾಗ ಬಂದು ಹತ್ತು ದಿನ ಇದ್ದವಳು ಆಮೇಲೆ ಈ ಕಡೆ ತಲೆ ಹಾಕಿಲ್ಲ. ಕಾರಣ ಕೆಲಸವಲ್ಲ ಎಂದು ನನಗೆ ಗೊತ್ತು. ಕೇಳುವ ಧೈರ್ಯ ನನಗಿಲ್ಲ. ಕೇಳಿದರೆ ಹೇಳಿಬಿಟ್ಟಾಳು.

ಬರೆಯುವ ಅಭ್ಯಾಸ ನನಗೆ ಯಾವತ್ತೂ ಇರಲಿಲ್ಲ. ನಾಲ್ಕು ದಿನ ಯಾರೊಂದಿಗೂ ಮಾತಿಲ್ಲದೆ ಇದ್ದರೆ ತಲೆ ಕೆಟ್ಟೀತೆಂದು ಈ ನೋಟ್‌ಬುಕ್ ತಂದಿದ್ದೇನೆ.

ಅಕ್ಟೋಬರ್ 13, ಶುಕ್ರವಾರ, ಬೆಳಿಗ್ಗೆ ಹನ್ನೊಂದು

ಯಾರ ಮುಖ ನೋಡಿ ಎದ್ದೆನೋ ಎಂದು ಬೈದುಕೊಳ್ಳೋಣವೆಂದರೆ ಮನೆಯಲ್ಲಿ ಇನ್ನೊಂದು ಮುಖವೇ ಇಲ್ಲ. ಕನ್ನಡಿಯಲ್ಲಿ ನೋಡಿದ್ದು ನನ್ನದೇ.

ಆರೂವರೆಗೆ ಅಡುಗೆಮನೆಯಲ್ಲಿ ಯಾರೋ ಸೀನಿದ ಹಾಗೆ ಸದ್ದಾಯಿತು. ಹೋಗಿ ನೋಡಿದರೆ ಸಿಂಕಿನ ಕೆಳಗಿನ ಪೈಪು ಜೋಡಣೆಯಲ್ಲಿ ಬಿಟ್ಟುಕೊಂಡು ನೀರು ನೆಲಕ್ಕೆ ಚಿಮ್ಮುತ್ತಿದೆ. ಬಟ್ಟೆ ಒತ್ತಿಹಿಡಿಯಲು ಓಡಿದೆ. ಓಡಿದ್ದೇ ತಪ್ಪು. ಬಲಗಾಲು ಜಾರಿ ಪಾದ ಒಳಕ್ಕೆ ಮಡಚಿ ಬಿದ್ದೆ. ಬಿದ್ದಲ್ಲೇ ಸ್ವಲ್ಪ ಹೊತ್ತು ಕೂತಿದ್ದೆ. ನೀರು ನನ್ನ ಸುತ್ತ ಹರಿದು, ಬಾಗಿಲು ದಾಟಿ, ಸಾವಕಾಶವಾಗಿ ಹಾಲಿನ ಕಡೆ ಹೊರಟಿತು. ತಡೆಯಬೇಕೆಂದು ಅನ್ನಿಸಲೇ ಇಲ್ಲ.

ಕೆಳಮನೆಯ ಮೇಡಂ ಬಾಗಿಲು ಬಡಿದಾಗಲೇ ಎದ್ದದ್ದು. "ನಮ್ಮ ಅಡುಗೆಮನೆ ಸೂರಿಂದ ನೀರು ತೊಟ್ಟಿಕ್ತಿದೆ! ನಿನ್ನೆ ಮೊಟ್ಟೆ, ಇವತ್ತು ನೀರು. ನಾಳೆ ಏನು ಕಳಿಸ್ತೀರಿ?" ನನ್ನ ಕಾಲು ನೋಡಿ ಅರ್ಧಕ್ಕೆ ನಿಲ್ಲಿಸಿ, ತಾವೇ ಒಳಗೆ ಬಂದು, ಒದ್ದೆ ಬಟ್ಟೆಯನ್ನು ಪೈಪಿಗೆ ಬಿಗಿಯಾಗಿ ಕಟ್ಟಿ ಕೆಳಗೊಂದು ಬಕೆಟ್ ಇಟ್ಟು ಹೋದರು. ಹೋಗುವಾಗ ಒಂದು ಒಳ್ಳೆಯ ಮಾತೂ ಆಡಲಿಲ್ಲ. ಅದೇ ಒಳ್ಳೆಯದಾಯಿತು.

ಪ್ಲಂಬರಿಗೆ ಫೋನ್ ಮಾಡಿದೆ. ಹಿಂದೆ ಮಕ್ಕಳ ಗಲಾಟೆ. "ಅಕ್ಕಾ, ನಾನು ಊರಲ್ಲೇ ಇಲ್ಲ. ಸೋಮವಾರ ನೋಡೋಣ. ಅಲ್ಲೀತನಕ ವಾಲ್ವ್ ಬಂದ್ ಮಾಡಿಡಿ." ವಾಲ್ವ್ ತಿರುಗುವುದಿಲ್ಲ, ತುಕ್ಕು ಹಿಡಿದು ಕೂತಿದೆ.

ಪಾದ ಬದನೆಕಾಯಿಯ ಹಾಗೆ ಊದಿದೆ. ಮೂಳೆ ಮುರಿದಿಲ್ಲ, ಅಷ್ಟು ನನಗೆ ಗೊತ್ತಾಗುತ್ತದೆ. ಇಸಿಜಿ ತೆಗೆಯುವವಳಾದರೂ ಇಪ್ಪತ್ತಾರು ವರ್ಷ ಆಸ್ಪತ್ರೆಯಲ್ಲಿ ದುಡಿದವಳಿಗೆ ಅಷ್ಟಾದರೂ ಗೊತ್ತಾಗಬೇಕು.

ಮಗಳ ಫೋನ್ ಬಂದಾಗ ಬಾಯಿತಪ್ಪಿ ಎಲ್ಲ ಹೇಳಿಬಿಟ್ಟೆ.

"ಚಿಕ್ಕಪ್ಪ ಎರಡು ಬೀದಿ ಆಚೆ ಇದ್ದಾರಲ್ಲಮ್ಮ. ಕರೆಸ್ಕೋ."

"ಬೇಡ."

"ಮತ್ತೆ ಯಾರನ್ನ ಕರೆಸ್ತೀಯ?"

"ಯಾರೂ ಬೇಡ ನನಗೆ."

ಆ ಕಡೆ ಟಕಟಕ ಟೈಪ್ ಮಾಡಿದ ಸದ್ದು. "ನಾನು ಮೆಸೇಜ್ ಹಾಕಿ ಆಯ್ತು, ಹೊರಟಿದ್ದಾರೆ" ಎಂದು ಫೋನ್ ಇಟ್ಟಳು.

ಅದೇ ದಿನ, ಸಂಜೆ

ಆ ಮನುಷ್ಯ ಬಂದ.

ಫೆಬ್ರವರಿಯ ಆ ಭಾನುವಾರ, ಚಿತ್ರಗಳಿಗೆ ಚೌಕಟ್ಟು ಹಾಕುವ ತನ್ನ ಅಂಗಡಿಯಲ್ಲಿ ಗಾಜಿನ ಬೀರು ಸರಿಸಬೇಕೆಂದು ಅಣ್ಣನನ್ನು ಕರೆದವನು ಅವನೇ. ಹೋದವರು ಎದೆ ಹಿಡಿದುಕೊಂಡು ಅಲ್ಲೇ ಬಿದ್ದರು, ಮನೆಗೆ ಬರಲಿಲ್ಲ. ಅಷ್ಟೇ ನನಗೆ ಗೊತ್ತು. ಅದಕ್ಕಿಂತ ಹೆಚ್ಚು ನಾನು ಕೇಳಿಲ್ಲ, ಅವನು ಹೇಳಿಲ್ಲ. ಆಮೇಲೆ ಮೂರು ಸಲ ಬಂದಿದ್ದ. ಮೂರು ಸಲವೂ ನಾನು ಬಾಗಿಲು ತೆಗೆಯಲಿಲ್ಲ. ಒಳಗಿರುವುದು ಗೊತ್ತಾಗಲಿ ಎಂದೇ ರೇಡಿಯೋ ಹಾಕಿದ್ದೆ.

ಇವತ್ತು ಬಾಗಿಲು ತೆಗೆಯದೆ ಗತ್ಯಂತರವಿರಲಿಲ್ಲ. ಬಾಗಿಲ ಚೌಕಟ್ಟು ತುಂಬ ನಿಂತಿದ್ದ. ಕೈಯಲ್ಲಿ ಉಪಕರಣದ ಪೆಟ್ಟಿಗೆ. "ಅತ್ತಿಗೆ" ಎಂದ. ನಾನು ಅಡುಗೆಮನೆಯ ಕಡೆ ಬೆರಳು ತೋರಿಸಿದೆ.

ಗಾಜು ಕೊಯ್ಯುವ ಕೈಗೆ ಪೈಪಿನ ಕೆಲಸ ಗೊತ್ತಿರಬೇಕಲ್ಲ! ಸ್ಪ್ಯಾನರ್ ಹಾಕಿ ವಾಲ್ವ್ ತಿರುಗಿಸಿದ. ತಿರುಗಲಿಲ್ಲ. ಉಸಿರು ಬಿಗಿಹಿಡಿದು ಇನ್ನೊಮ್ಮೆ ತಿರುಗಿಸಿದ. ವಾಲ್ವ್ ಕುತ್ತಿಗೆ ಮುರಿದು ಅವನ ಕೈಗೇ ಬಂತು. ಬೆಳಿಗ್ಗೆ ಬಂದದ್ದು ನೀರೇ ಅಲ್ಲ ಎನ್ನುವ ಹಾಗೆ ನೀರು ಬಂತು. ಅಷ್ಟು ದೊಡ್ಡ ಆಳು ಎರಡೂ ಅಂಗೈಯಿಂದ ಪೈಪು ಮುಚ್ಚಿಕೊಂಡು, ಮುಖಕ್ಕೆ ರಾಚುವ ನೀರಿನಲ್ಲಿ ಕಣ್ಣು ಮುಚ್ಚಿ, "ಅತ್ತಿಗೆ, ಅತ್ತಿಗೆ" ಎಂದು ಕೂಗುತ್ತಿದ್ದ. ಇನ್ಯಾರ ಮನೆಯಲ್ಲಾದರೂ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಕೊನೆಗೆ ಕಾವಲುಗಾರ ತಾರಸಿಗೆ ಹೋಗಿ ಟ್ಯಾಂಕಿನಿಂದ ಬರುವ ಇಡೀ ಸಾಲನ್ನೇ ಬಂದ್ ಮಾಡಿದ. ಈಗ ನಮಗೂ ನೀರಿಲ್ಲ, ಕೆಳಮನೆಯ ಮೇಡಂಗೂ ಇಲ್ಲ. ಸೋಮವಾರದವರೆಗೆ ಗೇಟಿನ ಪಕ್ಕದ ನಲ್ಲಿಯೇ ಗತಿ.

ನಾನು ಬಾಯಿಗೆ ಬಂದದ್ದು ಅಂದೆ. "ಮುಟ್ಟಿದ್ದೆಲ್ಲ ಹಾಳು ಮಾಡ್ತೀಯ ನೀನು." ವಾಲ್ವಿನ ಬಗ್ಗೆ ಅಂದೆನೇ? ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವನು ಒದ್ದೆ ಅಂಗಿಯಲ್ಲೇ ಎರಡು ಬಕೆಟ್ ಹಿಡಿದು ಕೆಳಗಿಳಿದ. ಅಡುಗೆಮನೆ, ಬಚ್ಚಲು ಎಲ್ಲ ತುಂಬಿಸಿದ. ಮೇಡಂ ಮನೆಗೂ ಹೊತ್ತ. ಆರು ಗಂಟೆಗೆ, "ನಾಳೆ ಬೆಳಿಗ್ಗೆ ಬರ್ತೀನಿ" ಎಂದು ಖಾಲಿ ಬಾಗಿಲಿಗೆ ಹೇಳಿ ಹೋದ. ನಾನು ಒಳಗಿದ್ದೆ.

ಅಕ್ಟೋಬರ್ 14, ಶನಿವಾರ, ಬೆಳಿಗ್ಗೆ

ಒಣ ಬ್ರೆಡ್ ಕಚ್ಚಿದಾಗ ದವಡೆ ಹಲ್ಲಿನ ಕ್ಯಾಪ್ ಉದುರಿತು. ದಂತವೈದ್ಯರ ಫೋನು ರಿಂಗಾಗುತ್ತದೆ, ಎತ್ತುವವರಿಲ್ಲ. ಕ್ಯಾಪನ್ನು ಕಾಗದದಲ್ಲಿ ಸುತ್ತಿ ಸಕ್ಕರೆ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ಕಾಲು, ಹಲ್ಲು, ನೀರು, ಲಿಫ್ಟು. ಇನ್ನೇನು ಉಳಿದಿದೆ ಎಂದು ಬರೆಯಲು ಹೋಗಿ ಬಿಟ್ಟೆ. ಕೇಳಿಸಿಕೊಂಡೀತು.

ಮೈದುನ ಎಂಟಕ್ಕೇ ಬಂದ. ಬ್ರೆಡ್ಡು, ಹಾಲು, ಒಂದು ಡಜನ್ ಮೊಟ್ಟೆ ತಂದಿದ್ದ. ಮೊಟ್ಟೆಯ ಸುದ್ದಿ ಇವನಿಗೆ ಯಾರು ಹೇಳಿದರು? ಮೇಡಂ ಇರಬೇಕು. ನಾಲ್ಕು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದ. "ಸ್ವಲ್ಪ ಕೂತ್ಕೋ" ಎಂದು ಬಾಯಿಗೆ ಬಂತು, ಹೇಳಲಿಲ್ಲ. ಕುರ್ಚಿ ಸ್ವಲ್ಪ ಸರಿಸಿಟ್ಟೆ. ಅವನು ಕೂರಲಿಲ್ಲ, ಬಕೆಟ್ ತೆಗೆದುಕೊಂಡು ಹೋದ.

ಐವತ್ನಾಲ್ಕು ವರ್ಷ ಅವನಿಗೆ. ಮೈ ಬಂದಿದೆ. ಇವರಿಗಿಂತ ಆರು ವರ್ಷ ಚಿಕ್ಕವನು.

ಇದು ಐದನೆಯ ಸಲ ಇಳಿಯುತ್ತಿರುವುದು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿಸುತ್ತಿದೆ.

ಅಕ್ಟೋಬರ್ 15, ಭಾನುವಾರ, ಬೆಳಿಗ್ಗೆ

ನಿನ್ನೆ ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಏಳನೆಯ ಸಲ ಹೋದವನ ಹೆಜ್ಜೆ ಮೇಲೆ ಬರುತ್ತಾ ನಿಂತುಹೋಯಿತು. ಕಾದೆ. ಬಕೆಟ್ ಕೆಳಗಿಟ್ಟ ಸದ್ದು. ಮತ್ತೆ ಏನೂ ಇಲ್ಲ. ಗೋಡೆ ಹಿಡಿದು ಮೆಟ್ಟಿಲ ತುದಿಗೆ ಬಂದು ಬಗ್ಗಿ ನೋಡಿದೆ. ಮೂರನೇ ಮಹಡಿಯ ತಿರುವಿನಲ್ಲಿ ಕೂತಿದ್ದ. ಬಲಗೈ ಎಡ ಭುಜದ ಮೇಲೆ. ಹಣೆಯೆಲ್ಲ ಬೆವರು.

"ಏನಾಯ್ತು?"

"ಏನಿಲ್ಲ ಅತ್ತಿಗೆ. ಭುಜ ಹಿಡ್ಕೊಂಡಿದೆ. ಐದು ನಿಮಿಷ."

ಕಾಲು ನೆಲಕ್ಕೆ ಊರಲಾರದವಳು ಹದಿನೆಂಟು ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಕೂತೇ ಜಾರಿದೆನೇನೋ, ಸೀರೆಯೆಲ್ಲ ದೂಳಾಗಿತ್ತು. ಹೋಗಿ ನಾಡಿ ಹಿಡಿದೆ. ಓಡುತ್ತಿತ್ತು. ಮೇಡಂ ಬಾಗಿಲು ಬಡಿದೆ. ಆಕೆ ನಮ್ಮಿಬ್ಬರನ್ನೂ ನೋಡಿದರು, ಒಳಗೆ ಹೋಗಿ ಕಾರಿನ ಕೀಲಿ ತಂದರು. ಒಂದು ಪ್ರಶ್ನೆ ಕೇಳಲಿಲ್ಲ. ದಾರಿಯಲ್ಲಿ ಒಂದು ಕೆಂಪು ದೀಪವನ್ನೂ ಲೆಕ್ಕಕ್ಕಿಡಲಿಲ್ಲ. ಅವನು ಹಿಂದಿನ ಸೀಟಿನಲ್ಲಿ, "ಬರೀ ಹಿಡ್ಕೊಂಡಿರೋದು, ಸುಮ್ನೆ ನಿಮಗೆಲ್ಲ ತೊಂದ್ರೆ" ಎನ್ನುತ್ತಲೇ ಇದ್ದ. "ಬಾಯಿ ಮುಚ್ಕೊಂಡು ಕೂತ್ಕೊಳ್ಳೋ!" ಎಂದು ಕಿರುಚಿದೆ. ನನ್ನ ದನಿ ನನಗೇ ಹೊಸದಾಗಿತ್ತು.

ರಜೆಯ ಆಸ್ಪತ್ರೆ, ಅರ್ಧ ಖಾಲಿ. ತುರ್ತು ವಿಭಾಗದಲ್ಲಿ ಒಬ್ಬನೇ ಚಿಕ್ಕ ವಯಸ್ಸಿನ ಡಾಕ್ಟರ್, ಇಸಿಜಿಗೆ ಇದ್ದ ಹುಡುಗಿ ಮೇಲೆ ವಾರ್ಡಿಗೆ ಹೋಗಿದ್ದಾಳೆ. "ಅವಳು ಬರೋತನಕ ಕಾಯೋದು ಬೇಡ, ನಾನೇ ತೆಗೀತೀನಿ" ಎಂದೆ. ಡಾಕ್ಟರ್ ನನ್ನ ಕಾಲು ನೋಡಿದ, ಆಮೇಲೆ ದಾರಿ ಬಿಟ್ಟ.

ದಿನಕ್ಕೆ ನಲವತ್ತು ಜನಕ್ಕೆ ಮಾಡುವ ಕೆಲಸ. ಅಂಗಿ ಬಿಚ್ಚಿಸಿ ಮಲಗಿಸುವುದು, ಕೈಕಾಲಿಗೆ ಕ್ಲಿಪ್ಪು, ಎದೆಗೆ ಜೆಲ್ಲಿ ಹಚ್ಚಿ ಮೈಗೆ ಕಚ್ಚಿಕೊಳ್ಳುವ ಆರು ಪುಟ್ಟ ಬಟ್ಟಲು ಕೂರಿಸುವುದು. ಕಣ್ಣು ಕಟ್ಟಿದರೂ ಮಾಡುತ್ತೇನೆ. ನಿನ್ನೆ ಮೂರನೆಯ ಬಟ್ಟಲು ಎಲ್ಲಿಗೆಂದು ಕೈಗೆ ಮರೆತುಹೋಗಿತ್ತು. ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ: "ಮೈ ಸಡಿಲ ಬಿಡು. ಮಾತಾಡಬೇಡ."

ಮೆಷಿನ್ ಒತ್ತಿದೆ. ಕಾಗದದ ಮೇಲೆ ಗೆರೆಯೆಲ್ಲ ಗೀಚಾಟ. ಏನೂ ತಿಳಿಯುವ ಹಾಗಿಲ್ಲ. ನೋಡಿದರೆ ಅವನು ಅಳುತ್ತಿದ್ದ. ಅಳು ತಡೆಯಲು ಹೋಗಿ ಎದೆಯ ಸ್ನಾಯುಗಳೆಲ್ಲ ಅದುರುತ್ತಿದ್ದವು.

"ಅತ್ತಿಗೆ, ಅಣ್ಣನಿಗೆ ಅವತ್ತು ಶುರುವಾದದ್ದಲ್ಲ. ಹಿಂದಿನ ವಾರದಿಂದಲೇ ತೋಳು ನೋಯ್ತಿತ್ತು. ನನಗೆ ಹೇಳಿದ್ದ."

"ಮಾತಾಡಬೇಡ ಅಂದೆನಲ್ಲ. ಗೆರೆ ಕೆಡುತ್ತೆ."

"ನಿಮಗೆ ಹೇಳಬೇಡ ಅಂದ. ಅವಳು ದಿನವಿಡೀ ಅದನ್ನೇ ನೋಡ್ತಾಳೆ, ಮನೆಗೆ ಬಂದಮೇಲೂ ನನ್ನೊಳಗೆ ಅದನ್ನೇ ಹುಡುಕೋದು ಬೇಡ ಅಂದ. ನಾನು ಸರಿ ಅಂದೆ. ಅವತ್ತು ಬೀರು ಎತ್ತೋಕೆ ಮುಂಚೆ ಕೇಳ್ದೆ, ಅಣ್ಣ, ನೋವು ಹೇಗಿದೆ? ಹೋಗಿದೆ ಅಂದ. ನಾನು ನಂಬಿದೆ ಅತ್ತಿಗೆ. ನನಗೆ ಬೀರು ಸರಿಸಬೇಕಿತ್ತು, ಅದಕ್ಕೇ ನಂಬಿದೆ."

ಎರಡನೆಯ ಸಲ ತೆಗೆದೆ. ಅದೂ ಕೆಟ್ಟಿತು. ಸ್ಟೂಲ್ ಎಳೆದುಕೊಂಡು ಕೂತೆ. "ಅಳು. ಪೂರ್ತಿ ಅತ್ತುಬಿಡು. ಆಮೇಲೆ ತೆಗೀತೀನಿ" ಎಂದೆ. ಅವನು ಅತ್ತ. ಐವತ್ನಾಲ್ಕು ವರ್ಷದ ಗಂಡಸು, ಮೈತುಂಬ ವೈರು ಸಿಕ್ಕಿಸಿಕೊಂಡು, ಚಾವಣಿ ನೋಡುತ್ತಾ. ನಾನು ಅವನ ಕಿವಿಯ ಕಡೆ ಇಳಿಯುತ್ತಿದ್ದ ನೀರನ್ನು ಹತ್ತಿಯಿಂದ ಒರೆಸುತ್ತಿದ್ದೆ, ಜೆಲ್ಲಿ ಒರೆಸುವ ಹತ್ತಿಯಿಂದ.

ಮೂರನೆಯದು ನೆಟ್ಟಗೆ ಬಂತು. ಕಾಗದ ಹೊರಬರುತ್ತಿದ್ದಂತೆ ಒಂದೊಂದೇ ಗೆರೆ ನೋಡಿದೆ. ಹೇಳುವ ಅಧಿಕಾರ ನನಗಿಲ್ಲ, ಡಾಕ್ಟರ್ ಹೇಳಬೇಕು. ಆದರೆ ನನಗೆ ಗೊತ್ತಾಯಿತು. ಏನೂ ಇರಲಿಲ್ಲ. ಅಷ್ಟು ಚೆಂದದ ಗೆರೆ.

ರಕ್ತ ಪರೀಕ್ಷೆಗೆ ಕೊಟ್ಟು ಮೂರು ಗಂಟೆ ಕೂರಿಸಿ, ಇಸಿಜಿ ಮತ್ತೊಮ್ಮೆ ತೆಗೆಸಿ, ಸ್ನಾಯು ಹಿಡಿದಿರುವುದಷ್ಟೇ ಎಂದರು. ಭಾರ ಎತ್ತಬಾರದು, ಅಷ್ಟೇ. ಡಾಕ್ಟರ್ ನನ್ನ ಕಾಲಿಗೆ ಪಟ್ಟಿ ಸುತ್ತಿಸಿ, "ಮೇಡಂ, ಇಲ್ಲಿ ನಿಜವಾದ ಪೇಶೆಂಟ್ ಯಾರು ಅಂತಾನೇ ನನಗೆ ಗೊತ್ತಾಗ್ಲಿಲ್ಲ" ಎಂದು ನಕ್ಕ. ಕೆಳಮನೆಯ ಮೇಡಂ ಮೂರು ಗಂಟೆಯೂ ಬೆಂಚಿನ ಮೇಲೆ ಪದಬಂಧ ಬಿಡಿಸುತ್ತಾ ಕಾದಿದ್ದರು.

ಅದೇ ದಿನ, ಮಧ್ಯಾಹ್ನ

ಎತ್ತಬಾರದೆಂದರೂ ಬಂದಿದ್ದ. ಬಕೆಟ್ ಬದಲು ಎರಡು ಲೀಟರಿನ ಬಾಟಲಿಗಳು, ಒಂದೊಂದು ಸಲಕ್ಕೆ ಒಂದೊಂದೇ. "ಇದು ಭಾರ ಅಲ್ಲ ಅತ್ತಿಗೆ, ಇದು ವಾಕಿಂಗು." ಬೈದು ಕೂರಿಸಿದೆ. ಟೀ ಮಾಡಿದೆ. ಅವನು ನನ್ನ ಹಲ್ಲಿನ ಕ್ಯಾಪನ್ನು ಸಕ್ಕರೆ ಹರಳೆಂದುಕೊಂಡು ಇನ್ನೇನು ಲೋಟಕ್ಕೆ ಹಾಕಿಕೊಳ್ಳುವುದರಲ್ಲಿದ್ದ. "ಅಯ್ಯೋ ಗುಬ್ಬಿ, ಅದು ನನ್ನ ಹಲ್ಲು!" ಎಂದು ಕೂಗಿದೆ. ಅವನು ಹುಟ್ಟಿದಾಗ ಅಂಗೈಯಷ್ಟಿದ್ದನಂತೆ, ಅದಕ್ಕೆ ಇವರು ಇಟ್ಟ ಹೆಸರು. ಇಬ್ಬರೂ ನಕ್ಕೆವು.

ಆಗ ಹೇಳಿದೆ. ಇಲ್ಲಿಯೂ ಬರೆದುಬಿಡುತ್ತೇನೆ, ಎಲ್ಲಿಯೂ ಹೇಳದೆ ಬರೆಯದೆ ಎಂಟು ತಿಂಗಳಾಗಿದೆ.

ಆ ಭಾನುವಾರಕ್ಕೆ ಎರಡು ದಿನ ಮುಂಚೆ, ಶುಕ್ರವಾರ, ನಾನು ಕೆಲಸದಿಂದ ಬಂದಾಗ ಇವರು ಎಡ ಭುಜ ಒತ್ತಿಕೊಳ್ಳುತ್ತಿದ್ದರು. "ಸ್ವಲ್ಪ ಮುಲಾಮು ಹಚ್ಚು" ಎಂದರು. ಅವತ್ತು ನಲವತ್ತಾರು ಇಸಿಜಿ ತೆಗೆದು ಬಂದಿದ್ದೆ. ಮೈಯೆಲ್ಲ ನೋಯುತ್ತಿತ್ತು. ಯಾವಾಗಿನಿಂದ ನೋವು, ತೋಳಿಗೂ ಇಳಿಯುತ್ತದೆಯೇ, ಬೆವರುತ್ತದೆಯೇ? ದಿನಕ್ಕೆ ನಲವತ್ತು ಸಲ ಬೇರೆಯವರನ್ನು ಕೇಳುವ ಪ್ರಶ್ನೆಗಳು. ಕೇಳಲಿಲ್ಲ. ಮುಲಾಮು ಹಚ್ಚಿದೆ. "ಆಯ್ತಾ?" ಎಂದೆ. "ಆಯ್ತು" ಎಂದರು. ಕೈ ತೊಳೆದುಕೊಂಡೆ.

ಗುಬ್ಬಿ ಲೋಟ ಕೆಳಗಿಟ್ಟ. ಅದು ನಿಮ್ಮ ತಪ್ಪಲ್ಲ ಎಂದು ಹೇಳುತ್ತಾನೆ ಎಂದುಕೊಂಡೆ. ಹೇಳಿದ್ದರೆ ಎದ್ದು ಒಳಗೆ ಹೋಗುತ್ತಿದ್ದೆ. ಅವನು ಹೇಳಿದ್ದು ಬೇರೆ.

"ಹಾಗಾದ್ರೆ ಅವನಿಗೂ ಗೊತ್ತಿತ್ತು ಅತ್ತಿಗೆ."

"ಯಾರಿಗೆ?"

"ಅಣ್ಣನಿಗೇ. ನನಗೆ ತೋಳು ಅಂದ, ನಿಮಗೆ ಭುಜ ಅಂದ. ಒಬ್ಬರ ಮುಂದೆ ಪೂರ್ತಿ ಹೇಳಿದ್ರೆ ಸಿಕ್ಕಿಹಾಕ್ಕೊಳ್ತಿದ್ದ. ಹರಿದು ಹರಿದು ಹಂಚಿದ, ಕಳ್ಳ."

ಕಳ್ಳ. ಸತ್ತವರನ್ನು ಹಾಗೆನ್ನಬಾರದು. ನನಗೆ ಸಿಟ್ಟು ಬರಬೇಕಿತ್ತು. ಬಂತು, ಆದರೆ ಗುಬ್ಬಿಯ ಮೇಲಲ್ಲ. ಇವರ ಮೇಲೆ. ಎಂಟು ತಿಂಗಳಲ್ಲಿ ಮೊದಲ ಸಲ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದವರು, ಯಾವ ಬಸ್ಸು ಎಷ್ಟು ನಿಮಿಷ ತಡವೆಂದು ಕಣ್ಣು ಮುಚ್ಚಿ ಹೇಳುತ್ತಿದ್ದವರು. ತಮಗೆ ತಡವಾಗುತ್ತಿದೆ ಎಂದು ಗೊತ್ತಾಗಲಿಲ್ಲವೇ? ಗೊತ್ತಾಗಿತ್ತು. ಡಾಕ್ಟರ ಹತ್ತಿರ ಹೋಗಲು ಹೆದರಿಕೆ. ಇಂಜೆಕ್ಷನ್ ಸೂಜಿ ಕಂಡರೆ ಮುಖ ತಿರುಗಿಸುತ್ತಿದ್ದ ಮನುಷ್ಯ.

"ಹೆದರುಪುಕ್ಕಲ" ಎಂದೆ.

"ಒಂದನೇ ನಂಬರಿನ ಹೆದರುಪುಕ್ಕಲ" ಎಂದ ಗುಬ್ಬಿ.

ಇಬ್ಬರೂ ಸೇರಿ ಅವರನ್ನು ಚೆನ್ನಾಗಿ ಬೈದೆವು. ಅರ್ಧ ಗಂಟೆ ಬೈದಿರಬಹುದು. ಬೈಯುತ್ತಾ ಬೈಯುತ್ತಾ ಅವರ ದನಿ, ಅವರು ಚಪ್ಪಲಿ ಬಿಡುವ ರೀತಿ, ಸುಳ್ಳು ಹೇಳುವಾಗ ಮೂಗು ತುರಿಸಿಕೊಳ್ಳುವುದು, ಎಲ್ಲ ಬಂದು ಕೂತಿತು. ಎಂಟು ತಿಂಗಳಿಂದ ನನಗೆ ನೆನಪಾಗುತ್ತಿದ್ದುದು ಅವರ ಭುಜವೊಂದೇ.

ಅಕ್ಟೋಬರ್ 16, ಸೋಮವಾರ

ಪ್ಲಂಬರ್ ಬಂದ. ಮುರಿದ ವಾಲ್ವ್ ನೋಡಿ, "ಇದನ್ನ ಯಾವ ರಾಕ್ಷಸ ಮುರಿದದ್ದು?" ಎಂದ. ಗುಬ್ಬಿ ಕಿಟಕಿಯ ಹೊರಗೆ ನೋಡುತ್ತಾ ನಿಂತಿದ್ದ. "ತಾನಾಗೇ ಮುರೀತು" ಎಂದೆ.

ಹನ್ನೊಂದಕ್ಕೆ ನೀರು ಬಂತು. ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ. ಮೇಡಂ ಅವರ ಕಾಲೊರಸು ಒಗೆದು ಹರವಿದೆ. ನಾಳೆ ಡ್ಯೂಟಿಗೆ ಹೋಗಲಾರೆ, ಎರಡು ದಿನ ಬಿಟ್ಟು ಬರುತ್ತೇನೆಂದು ಮೇಲ್ವಿಚಾರಕಿಗೆ ಹೇಳಿದೆ. ಇಷ್ಟೇ, ಬರೆಯುವಂಥದ್ದು ಇನ್ನೇನೂ ಇಲ್ಲ. ಗುಬ್ಬಿ ಮೊಟ್ಟೆ ಬೇಯಿಸುತ್ತಿದ್ದಾನೆ, ಒಡೆದುಹಾಕುತ್ತಾನೆ, ಹೋಗಿ ನೋಡಬೇಕು.

ಅಕ್ಟೋಬರ್ 18, ಬುಧವಾರ, ಸಂಜೆ

ನಿನ್ನೆ ಏನೂ ಬರೆಯಲಿಲ್ಲ. ನಿದ್ದೆ ಮಾಡಿದೆ. ಮಧ್ಯಾಹ್ನ ಮಲಗಿದವಳು ನಾಲ್ಕು ಗಂಟೆಗೆ ಎದ್ದೆ.

ಇವತ್ತು ಮಗಳಿಗೆ ನಾನೇ ಫೋನ್ ಮಾಡಿದೆ. "ಏನಾಯ್ತಮ್ಮ?" ಎಂದು ಗಾಬರಿಯಾದಳು. ಪಾಪ, ನಾನಾಗಿ ಫೋನ್ ಮಾಡುವುದನ್ನೇ ಮರೆತಿದ್ದೆನಲ್ಲ. ಏನೂ ಆಗಿಲ್ಲ, ನಿನಗೊಂದು ವಿಷಯ ಹೇಳಬೇಕು ಎಂದೆ. ಹೇಳಿದೆ. ಮುಲಾಮು, ಕೇಳದೆ ಬಿಟ್ಟ ಪ್ರಶ್ನೆಗಳು, ಕೈ ತೊಳೆದುಕೊಂಡದ್ದು, ಎಲ್ಲ. ನೀನು ಬರದೆ ಇರೋದು ಇದಕ್ಕೇ ಅಂತ ನನಗೆ ಗೊತ್ತು, ನಿನ್ನ ಮನಸ್ಸಿನಲ್ಲಿರೋದು ಅಂದುಬಿಡು, ಕೇಳಿಸ್ಕೊಳ್ತೀನಿ ಎಂದೂ ಹೇಳಿದೆ. ಆ ಮಾತನ್ನು ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದೆ.

ಆ ಕಡೆ ಕೋಣೆಯ ಬಾಗಿಲು ಹಾಕಿಕೊಂಡ ಸದ್ದು.

"ಅಮ್ಮ, ನನಗೂ ಹೇಳಿದ್ರು."

"ಏನು?"

"ಅಪ್ಪ. ಹಿಂದಿನ ದಿನ, ಶನಿವಾರ, ಫೋನಲ್ಲಿ. ಮೆಟ್ಟಿಲು ಹತ್ತಿದ್ರೆ ಯಾಕೋ ಉಸಿರು ಕಟ್ಟುತ್ತೆ ಪುಟ್ಟಿ, ವಯಸ್ಸಾಯ್ತು ಅಂತ ಕಾಣುತ್ತೆ ಅಂದ್ರು. ನಾನು ಮೀಟಿಂಗಿಗೆ ಹೊರಟಿದ್ದೆ. ಅಮ್ಮನಿಗೆ ಹೇಳಿ ಅಪ್ಪ ಅಂದೆ. ಹೇಳ್ತೀನಿ ಹೇಳ್ತೀನಿ ಅಂದ್ರು. ನಾನು ಇಟ್ಬಿಟ್ಟೆ." ಅಳತೊಡಗಿದಳು. "ನಿನ್ನ ಮುಖ ಹೇಗೆ ನೋಡ್ಲಿ ಅಂತ... ನಾನು ಆಗ್ಲೇ ನಿನಗೊಂದು ಫೋನ್ ಮಾಡಿದ್ರೆ, ಅಮ್ಮ..."

ನನ್ನ ಮಗು. ಅಷ್ಟು ದೂರದಲ್ಲಿ, ಒಂದು ಬಾಡಿಗೆ ಕೋಣೆಯಲ್ಲಿ, ಎಂಟು ತಿಂಗಳು ಒಬ್ಬಳೇ ಇದನ್ನು ಹೊತ್ತುಕೊಂಡಿದ್ದಳು. ನಾನಿಲ್ಲಿ ಅವಳ ಮೌನಕ್ಕೆ ನನ್ನದೇ ಅರ್ಥ ಬರೆದುಕೊಂಡು ಕೂತಿದ್ದೆ.

ಅವಳು ಅಳುವಷ್ಟು ಅಳಲು ಬಿಟ್ಟೆ. ಅವಸರ ಮಾಡಲಿಲ್ಲ. ಆಮೇಲೆ, "ಕೇಳಿಲ್ಲಿ. ಚಿಕ್ಕಪ್ಪನಿಗೆ ತೋಳು, ನನಗೆ ಭುಜ, ನಿನಗೆ ಉಸಿರು. ಮೂರು ಜನಕ್ಕೂ ಒಂದೊಂದು ಚೂರು ಹಂಚಿದಾರೆ ನಿಮ್ಮಪ್ಪ. ನಿನ್ನ ಕೈಗೆ ಬಂದದ್ದೂ ಒಂದು ಚೂರೇ. ಅದನ್ನ ಇಡೀದು ಅಂತ ಹೊತ್ಕೊಂಡು ತಿರುಗಬೇಡ" ಎಂದೆ. ಹೇಳುತ್ತಿದ್ದ ಹಾಗೆ ನನಗೇ ಆಶ್ಚರ್ಯ, ಈ ಮಾತು ನನಗೆ ಎಲ್ಲಿಂದ ಬಂತು?

"ನಿನಗೆ ಅಪ್ಪನ ಮೇಲೆ ಸಿಟ್ಟಿಲ್ವಾ?"

"ಇದೆ. ಬೇಕಾದಷ್ಟಿದೆ. ನೀನೂ ಬಾ, ಸೇರಿ ಬೈಯೋಣ."

ಮೂಗೆಳೆದುಕೊಂಡು ನಕ್ಕಳು. ಶುಕ್ರವಾರ ಮಧ್ಯಾಹ್ನದ ರೈಲಿಗೆ ಟಿಕೆಟ್ ಸಿಕ್ಕಿದೆ. ಶನಿವಾರ ಬೆಳಿಗ್ಗೆ ಏಳೂ ಹತ್ತಕ್ಕೆ ಇಲ್ಲಿಗೆ ಬರುತ್ತದಂತೆ.

ಅವಳ ಕೋಣೆಯ ಹಾಸಿಗೆ ಬಿಸಿಲಿಗೆ ಹಾಕಬೇಕು. ತಾರಸಿಗೆ ನಾನು ಹೊರಲಾರೆ, ಗುಬ್ಬಿಗೆ ಹೊರಲು ಬಿಡುವುದಿಲ್ಲ. ಇಬ್ಬರೂ ಒಂದೊಂದು ತುದಿ ಹಿಡಿದು ಬಾಲ್ಕನಿಯವರೆಗೆ ಎಳೆದೆವು. ಕಂಬಿಯ ಮೇಲೆ ಹಾಕಿ ಕೋಲಿನಿಂದ ಬಡಿದರೆ ಎಂಟು ತಿಂಗಳ ದೂಳು ಎದ್ದು ಗುಬ್ಬಿಗೆ ಸೀನು ಹಿಡಿಯಿತು. ಕೆಳಗಿನಿಂದ ಮೇಡಂ ಕೂಗಿದರು, "ಈಗ ದೂಳು ಶುರು ಮಾಡಿದ್ರಾ?"

"ಮಗಳು ಬರ್ತಿದ್ದಾಳೆ!" ಎಂದು ನಾನೂ ಕೂಗಿದೆ.